ಬೆವರಿನ ಲೆಕ್ಕದಿಂದ ಹುಟ್ಟಿದ ಪಾನೀಯ

ಬೆವರಿನೊಂದಿಗೆ ದೇಹದಿಂದ ಹೊರಹೋಗುವುದು ನೀರಷ್ಟೇ ಅಲ್ಲ, ಉಪ್ಪೂ ಹೌದು ಎಂಬುದು ಬೆವರಹನಿ ತುಟಿಗೆ ತಾಗಿದ ಯಾರಿಗಾದರೂ ಗೊತ್ತಿರುವ ಸಂಗತಿ. ಆದರೆ ಈ ನಷ್ಟವನ್ನು ಅಳೆದು, ಆಟದ ನಡುವೆಯೇ ಅದನ್ನು ತುಂಬಿಕೊಡುವ ಪಾನೀಯವನ್ನು ರೂಪಿಸುವ ಕೆಲಸ ನಡೆದದ್ದು 1965ರಲ್ಲಿ, ಅಮೆರಿಕದ ಗೇನ್ಸ್‌ವಿಲ್‌ನಲ್ಲಿರುವ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು 'ಗೇಟರ್ಸ್', ಅಂದರೆ ಆ ಪ್ರಾಂತ್ಯದ ಮೊಸಳೆಗಳಾದ ಅಲಿಗೇಟರ್‌ಗಳು. ಪಾನೀಯಕ್ಕೆ 'ಗೇಟರೇಡ್' ಎಂಬ ಹೆಸರು ಬಂದದ್ದು ಇದರಿಂದಲೇ.

ಸಂಶೋಧನೆಗೆ ಕಾರಣವಾದದ್ದು ತಂಡದ ಸಹಾಯಕ ತರಬೇತುದಾರ ಡ್ವೇನ್ ಡಗ್ಲಸ್ ಎತ್ತಿದ ಸರಳ ಪ್ರಶ್ನೆ: ಪಂದ್ಯದ ವೇಳೆ ಆಟಗಾರರಿಗೆ ಮೂತ್ರವೇ ಬರುವುದಿಲ್ಲವೇಕೆ? ಮೂತ್ರಪಿಂಡ ತಜ್ಞ ರಾಬರ್ಟ್ ಕೇಡ್ ಮತ್ತು ಅವರ ಸಹೋದ್ಯೋಗಿಗಳಾದ ಡೇನಾ ಶೈರ್ಸ್, ಜೇಮ್ಸ್ ಫ್ರೀ, ಅಲೆಹಾಂಡ್ರೊ ಡಿ ಕೆಸಾಡಾ ಇದಕ್ಕೆ ಉತ್ತರ ಹುಡುಕಲು ಆಟಗಾರರ ಬೆವರು ಮತ್ತು ರಕ್ತವನ್ನು ಪರೀಕ್ಷಿಸಿದರು. ಭಾರವಾದ ಉಡುಪು ತೊಟ್ಟು ಬಿಸಿಲಲ್ಲಿ ಆಡುವ ಕೆಲವರು ಒಂದೇ ಪಂದ್ಯದಲ್ಲಿ 18 ಪೌಂಡ್, ಎಂದರೆ ಸುಮಾರು 8 ಕಿಲೋ ತೂಕ ಕಳೆದುಕೊಳ್ಳುತ್ತಿದ್ದರು. ಅದರಲ್ಲಿ ಬಹುಪಾಲು ನೀರೇ ಆಗಿದ್ದು, ಎಲ್ಲವೂ ಬೆವರಾಗಿ ಹರಿದುಹೋದ ಮೇಲೆ ಮೂತ್ರಕ್ಕೆ ಏನೂ ಉಳಿಯುತ್ತಿರಲಿಲ್ಲ. ರಕ್ತದ ಪ್ರಮಾಣವೂ ಸಕ್ಕರೆಯ ಮಟ್ಟವೂ ಕುಸಿಯುತ್ತಿದ್ದವು. ಅಭ್ಯಾಸದ ವೇಳೆ ನೀರು ಕುಡಿದರೆ ಆಟಗಾರ ಮೆತ್ತಗಾಗುತ್ತಾನೆ ಎಂದು ಹಲವು ತರಬೇತುದಾರರು ನಂಬಿದ್ದ ಕಾಲವದು.

ನೀರು, ಉಪ್ಪು, ಸಕ್ಕರೆ ಬೆರೆಸಿದ ಮೊದಲ ಮಿಶ್ರಣ ಬಾಯಿಗಿಡಲಾರದಷ್ಟು ಕೆಟ್ಟದಾಗಿದ್ದುದರಿಂದ, ಕೇಡ್ ಅವರ ಪತ್ನಿ ಮೇರಿಯವರ ಸಲಹೆಯಂತೆ ನಿಂಬೆರಸ ಸೇರಿಸಲಾಯಿತು. ಮೊದಲು ಹೊಸ ವಿದ್ಯಾರ್ಥಿಗಳ ತಂಡಕ್ಕಷ್ಟೇ ಕುಡಿಸಿ ನೋಡಲಾಯಿತು. ಹಿರಿಯರ ಎರಡನೇ ತಂಡದೆದುರು ಹಿಂದೆ ಬಿದ್ದಿದ್ದ ಅವರು ದ್ವಿತೀಯಾರ್ಧದಲ್ಲಿ ಚೇತರಿಸಿಕೊಂಡದ್ದನ್ನು ಕಂಡ ಮುಖ್ಯ ತರಬೇತುದಾರ ರೇ ಗ್ರೇವ್ಸ್, ತಮ್ಮ ಪ್ರಧಾನ ತಂಡಕ್ಕೂ ಅದನ್ನು ಬಯಸಿದರು. 1967ರ ಜನವರಿ 2ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಗೇಟರ್ಸ್ ಜಾರ್ಜಿಯಾ ಟೆಕ್ ತಂಡವನ್ನು 27–12ರಿಂದ ಸೋಲಿಸಿದಾಗ ಪಾನೀಯ ದೇಶದ ಮನೆಮಾತಾಯಿತು. ಅದೇ ವರ್ಷ ಸ್ಟೋಕ್ಲಿ-ವಾನ್ ಕ್ಯಾಂಪ್ ಕಂಪನಿ ಉತ್ಪಾದನೆಯ ಹಕ್ಕು ಪಡೆಯಿತು. ಲಾಭ ಯಾರದೆಂಬ ವ್ಯಾಜ್ಯ ಕೆಲ ವರ್ಷಗಳ ಬಳಿಕ ಇತ್ಯರ್ಥವಾಗಿ, ವಿಶ್ವವಿದ್ಯಾಲಯಕ್ಕೆ ರಾಯಧನದ ಶೇ. 20 ಪಾಲು ದೊರೆಯಿತು.

ಉಪ್ಪಿನೊಂದಿಗೆ ಸಕ್ಕರೆ ಏಕೆ ಬೇಕೆಂಬುದನ್ನು ಸಣ್ಣ ಕರುಳು ಹೇಳುತ್ತದೆ. ಕರುಳಿನ ಗೋಡೆಯಲ್ಲಿರುವ ಒಂದು ಬಗೆಯ ಪ್ರೋಟೀನ್, ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲೂಕೋಸ್ ಎರಡನ್ನೂ ಜೊತೆಯಾಗಿಯೇ ಒಳಗೆ ಸಾಗಿಸುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಪ್ರತಿಪಾದಿಸಿದ ಈ ತತ್ತ್ವವೇ ಭೇದಿಯಿಂದ ಬಳಲುವವರಿಗೆ ಕೊಡುವ ಓಆರ್‌ಎಸ್ ದ್ರಾವಣಕ್ಕೂ ಆಧಾರವಾಗಿದ್ದು, 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಇಂಥ ದ್ರಾವಣವನ್ನೇ ಕುಡಿಸಿ ಕಾಲರಾ ಸಾವುಗಳನ್ನು ಬಹಳಷ್ಟು ಇಳಿಸಿದರು.

ಮೂಲತತ್ತ್ವ ಒಂದೇ ಆದರೂ ಪ್ರಮಾಣ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್ ಇದ್ದರೆ, ಸಾಮಾನ್ಯ ಕ್ರೀಡಾಪಾನೀಯದಲ್ಲಿ ಸಕ್ಕರೆ ಅದರ ನಾಲ್ಕು ಪಟ್ಟು. ಸೋಡಿಯಂ ಮಾತ್ರ ಓಆರ್‌ಎಸ್‌ನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಒಂದು ತಾಸಿಗೂ ಮೀರಿ ಬಿಸಿಲಲ್ಲಿ ಬೆವರುವ ಆಟಗಾರನಿಗೆ ಕ್ರೀಡಾಪಾನೀಯ ನೆರವಾಗಬಹುದೇ ಹೊರತು, ಕುರ್ಚಿಯಲ್ಲಿ ಕುಳಿತವರಿಗೆ ಅದು ಬರಿಯ ಸಿಹಿನೀರು. ಭೇದಿಯಾದ ಮಗುವಿಗಂತೂ ಅದು ಓಆರ್‌ಎಸ್‌ಗೆ ಬದಲಿಯಲ್ಲ.