ಮಡಕೆಯೊಳಗಿನ ಕೋಲು, ತಟ್ಟೆಗೆ ಬಂದ ಕಡ್ಡಿ

ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಮನೆಯಲ್ಲಿ ಮುದ್ದೆ ಮಾಡುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಎಸರು ಕುದಿ ಬಂದ ಮೇಲೆ ರಾಗಿಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿದು, ಅದರೊಳಕ್ಕೆ ಕೋಲು ಊರಿ ಬೇಯಲು ಬಿಡುತ್ತಾರೆ. ಹಿಟ್ಟು ಬೆಂದ ವಾಸನೆ ಬಂದಾಗ ಪಾತ್ರೆ ಇಳಿಸಿ, ಅದು ಅಲ್ಲಾಡದಂತೆ ಕವೆಗೋಲನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಮುದ್ದೆಕೋಲಿನಿಂದ ಗಂಟಿಲ್ಲದ ಹಾಗೆ ತೊಳಸುತ್ತಾರೆ. ಆಮೇಲೆ ನೀರು ಸವರಿದ ಮಣೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತಾರೆ. ಚಿಂತಾಮಣಿ, ಗೌರಿಬಿದನೂರು ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದೇ ಸಂಗಟಿ.

ಇಷ್ಟು ಹೊತ್ತು ದುಡಿದ ಕೋಲುಗಳೆರಡೂ ಊಟಕ್ಕೆ ಬರುವುದಿಲ್ಲ. ತೊಳೆದ ಮೇಲೆ ಗೋಡೆಗೆ ಒರಗುತ್ತವೆ. ಉಣ್ಣುವುದು ಕೈಯಲ್ಲಿ. ಚೀನಾದಲ್ಲಿ ಮಾತ್ರ ಅಡುಗೆಯ ಕೋಲು ಮಡಕೆಯಿಂದ ಎದ್ದು ತಟ್ಟೆಯವರೆಗೆ ಬಂತು. ಯಾಕೆ?

ಬಿಸಿಗೆ ಹುಟ್ಟಿದ ಕೋಲು

ಶಿಡ್ಲಘಟ್ಟದ ಚರಕದ ಮುಂದೆ ನಿಂತರೆ ಉತ್ತರದ ಮೊದಲರ್ಧ ಕಾಣುತ್ತದೆ. ಕಾದ ನೀರಿನಲ್ಲಿ ರೇಷ್ಮೆಗೂಡುಗಳು ಬೇಯುತ್ತಿರುತ್ತವೆ. ನೂಲು ತೆಗೆಯುವವರು ಕೋಲಿನಿಂದ ಅವನ್ನು ತಿರುವಿ, ಎಳೆಯ ತುದಿ ಎತ್ತಿಕೊಳ್ಳುತ್ತಾರೆ. ಕೈ ಹಾಕಲಾಗದ ಬಿಸಿಯಲ್ಲಿ ಕೋಲೇ ಬೆರಳು.

ಚೀನಾದ ಹೆನಾನ್ ಪ್ರಾಂತ್ಯದ ಆನ್ಯಾಂಗ್ ಬಳಿ, ಶಾಂಗ್ ಅರಸರ ರಾಜಧಾನಿಯಿದ್ದ ನೆಲದಲ್ಲಿ, ಸುಮಾರು 3200 ವರ್ಷ ಹಳೆಯ ಕಂಚಿನ ಕಡ್ಡಿಗಳು ಸಿಕ್ಕಿವೆ. ಇಂಥ ಕಡ್ಡಿಗಳು ಮೊದಲು ಬಳಕೆಯಾದದ್ದು ಅಡುಗೆಗೇ, ಅಂದರೆ ಕುದಿಯುವ ಪಾತ್ರೆಯಲ್ಲಿ ಕಲಕುವುದಕ್ಕೆ, ಬೆಂದ ತುಂಡನ್ನು ಎತ್ತುವುದಕ್ಕೆ ಎಂದು ವಿದ್ವಾಂಸರು ಭಾವಿಸುತ್ತಾರೆ. ನಮ್ಮ ಮುದ್ದೆಕೋಲಿಗೂ ಅದಕ್ಕೂ ಆಗ ಕೆಲಸದಲ್ಲಿ ಹೆಚ್ಚು ದೂರವಿರಲಿಲ್ಲ.

ಬರಗಿಗೆ ಕಡ್ಡಿ ಸಲ್ಲದು

ಉತ್ತರ ಚೀನಾದ ಹಳೆಯ ಧಾನ್ಯಗಳು ನವಣೆ ಮತ್ತು ಬರಗು. ನಮ್ಮ ಮಳೆಯಾಶ್ರಿತ ಹೊಲಗಳಿಗೂ ಪರಿಚಿತವಾದ ನವಣೆಯನ್ನು ಮನುಷ್ಯರು ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ್ದು ಅಲ್ಲಿಯೇ. ಪ್ರಾಚೀನ ಚೀನಾದ ಆಚಾರಗಳನ್ನು ಹೇಳುವ 'ಲೀ ಜೀ' ಎಂಬ ಗ್ರಂಥ ಬರಗಿನ ಅನ್ನವನ್ನು ಕಡ್ಡಿಯಿಂದ ಉಣ್ಣಬಾರದು ಎನ್ನುತ್ತದೆ. ಸೊಪ್ಪು ತರಕಾರಿ ಇರುವ ಸಾರಿಗೆ ಕಡ್ಡಿ ಬಳಸಬಹುದಿತ್ತು. ಅನ್ನಕ್ಕೆ ಚಮಚ ಅಥವಾ ಕೈ. ಕಡ್ಡಿಗಳ ತವರಿನಲ್ಲೂ ಸಿರಿಧಾನ್ಯ ಮೊದಲು ಕಡ್ಡಿಗೆ ಒಗ್ಗಲಿಲ್ಲ!

ಹಾನ್ ಅರಸರ ಕಾಲದಲ್ಲಿ (ಕ್ರಿ.ಪೂ. 206ರಿಂದ ಕ್ರಿ.ಶ. 220) ಬೀಸುವ ಕಲ್ಲಿನ ಬಳಕೆ ಹರಡಿ, ಗೋಧಿಹಿಟ್ಟು ಧಾರಾಳವಾಯಿತು. ಹಿಟ್ಟು ಎಳೆಯಾಯಿತು, ಕಡುಬಾಯಿತು. ಬಿಸಿ ಸಾರಿನಲ್ಲಿ ತೇಲುವ ಎಳೆಯನ್ನು ಎತ್ತಲು ಚಮಚಕ್ಕಿಂತ ಎರಡು ಕಡ್ಡಿಗಳೇ ಅನುಕೂಲ. ತರಕಾರಿ, ಮಾಂಸಗಳನ್ನು ಅಡುಗೆಮನೆಯಲ್ಲೇ ಚೂರು ಮಾಡುವ ಪದ್ಧತಿಯೂ ಜೊತೆಗೂಡಿತು. ದಕ್ಷಿಣದ ಅಂಟಂಟಾದ ಅಕ್ಕಿಯ ಅನ್ನ ತುತ್ತುತುತ್ತಾಗಿ ಕಡ್ಡಿಗೆ ಬರುತ್ತಿತ್ತು. ಹೀಗೆ ತಟ್ಟೆಯಲ್ಲಿ ಚಮಚದ ಕೆಲಸ ಕಡಿಮೆಯಾಗುತ್ತ ಬಂತು.

ಕಡ್ಡಿಗಳು ಕೊರಿಯಾ, ಜಪಾನ್, ವಿಯೆಟ್ನಾಂಗಳಿಗೂ ಹೋಗಿ ಅಲ್ಲಲ್ಲಿಯ ಊಟಕ್ಕೆ ತಕ್ಕಂತೆ ಬದಲಾದವು. ಕೊರಿಯಾದಲ್ಲಿ ಲೋಹದ ಕಡ್ಡಿ, ಜೊತೆಗೆ ಅನ್ನಕ್ಕೆ ಚಮಚ. ಜಪಾನಿನಲ್ಲಿ ಮೀನಿನ ಮುಳ್ಳು ಬಿಡಿಸಲು ಒದಗುವ ಚೂಪು ತುದಿಯ ಮರದ ಕಡ್ಡಿ.

ಉಣಿಸು ಹೇಳಿದಂತೆ

ಈಗ ನಮ್ಮ ತಟ್ಟೆ ನೋಡಿ. ಮುದ್ದೆ ಮೆತ್ತಗೆ, ಅಂಟುಗುಣದ್ದು. ಕಡ್ಡಿ ಚುಚ್ಚಿದರೆ ಕಡ್ಡಿಗೇ ಮೆತ್ತಿಕೊಳ್ಳುತ್ತದೆ. ಬೆರಳಿನಿಂದ ಮುರಿದು, ಉರುಳಿಸಿ, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಎಷ್ಟು ಬಿಸಿ, ಎಷ್ಟು ತುತ್ತು ಎಂದು ನಾಲಿಗೆಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಉದುರುದುರಾದ ಅನ್ನಕ್ಕೆ ಸಾರು ಕಲಸುವುದೂ ಬೆರಳಿನದೇ ಕೆಲಸ.

ಕೈಯಲ್ಲಿ ಉಣ್ಣುವುದು ಹಿಂದುಳಿದದ್ದು, ಕಡ್ಡಿ ಹಿಡಿಯುವುದು ವಿಚಿತ್ರ ಎಂಬ ಎರಡು ಮಾತೂ ತಪ್ಪು ಎನ್ನುವುದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರು ಥುಕ್ಪಾ ಎಂಬ ಎಳೆಸಾರನ್ನು ಕಡ್ಡಿ ಹಿಡಿದು ಉಣ್ಣುತ್ತಾರೆ. ಹುರಿದ ಜವೆಗೋಧಿಯ ಹಿಟ್ಟಾದ ತ್ಸಂಪಾವನ್ನೋ, ಚಹಾದಲ್ಲಿ ಕಲಸಿ, ಬಟ್ಟಲಲ್ಲೇ ನಾದಿ, ಉಂಡೆ ಕಟ್ಟಿ ಕೈಯಲ್ಲೇ ತಿನ್ನುತ್ತಾರೆ. ಒಂದೇ ಮನೆ, ಅದೇ ಜನ. ಎಳೆಗೆ ಕಡ್ಡಿ, ಉಂಡೆಗೆ ಕೈ.

ಮುದ್ದೆಯ ನಾಡಿನವರಿಗೆ ಆ ಉಂಡೆ ಕಟ್ಟುವ ಕೈಯನ್ನು ಯಾರೂ ಪರಿಚಯಿಸಬೇಕಿಲ್ಲ.