ಟೊಮೇಟೊ ಶಿಲೀಂಧ್ರ ರೋಗಗಳ ಜೈವಿಕ ನಿಯಂತ್ರಣ

ಟೊಮೇಟೊ ಬೆಳೆಗೆ ತಗಲುವ ಶಿಲೀಂಧ್ರ ರೋಗಗಳನ್ನು ಉಪಕಾರಿ ಸೂಕ್ಷ್ಮಜೀವಿಗಳ ನೆರವಿನಿಂದ ತಡೆಯುವ ವಿಧಾನಕ್ಕೆ ಜೈವಿಕ ನಿಯಂತ್ರಣ ಎಂದು ಹೆಸರು. ಇದು ಮುಂಜಾಗ್ರತಾ ಕ್ರಮವೇ ಹೊರತು ರೋಗ ಉಲ್ಬಣಿಸಿದ ಗಿಡಕ್ಕೆ ಮದ್ದಲ್ಲ. ಎಲೆ ಒಣಗಿದ ಮೇಲೆ ಬಳಸಿ, ಫಲ ಕಾಣದೆ ವಿಧಾನವನ್ನೇ ದೂರುವವರುಂಟು.

ಸಸಿಮಡಿಯಲ್ಲಿ ಬುಡ ಕೊಳೆತು ಸಸಿ ಸಾಯುವುದು, ಫ್ಯುಸೇರಿಯಂ ಸೊರಗು ರೋಗ, ಎಲೆಯ ಮೇಲೆ ಉಂಗುರದೊಳಗೆ ಉಂಗುರವಿರುವ ಕಂದು ಚುಕ್ಕೆ ಮೂಡಿಸುವ ಆಲ್ಟರ್ನೇರಿಯಾ ಅಂಗಮಾರಿ ಇವು ಮುಖ್ಯ ರೋಗಗಳು.

ಇವುಗಳಲ್ಲಿ ಮಣ್ಣಿನಿಂದ ಹರಡುವ ರೋಗಗಳ ವಿರುದ್ಧ ಹೆಚ್ಚು ಬಳಕೆಯಲ್ಲಿರುವುದು ಟ್ರೈಕೋಡರ್ಮಾ. ಇದೂ ಒಂದು ಶಿಲೀಂಧ್ರವೇ. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ. ರೋಗಕಾರಕ ಶಿಲೀಂಧ್ರದ ಎಳೆಗಳನ್ನು ಸುತ್ತಿಕೊಂಡು, ಕಿಣ್ವಗಳಿಂದ ಅವುಗಳ ಕೋಶಭಿತ್ತಿಯನ್ನು ಕರಗಿಸಿ, ಅವನ್ನೇ ಆಹಾರವಾಗಿಸಿಕೊಳ್ಳುತ್ತದೆ. ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂನಂತೆ ಲೇಪಿಸುವುದು ಒಂದು ರೂಢಿ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಹದವಾದ ತೇವದಲ್ಲಿಟ್ಟು ವೃದ್ಧಿಪಡಿಸಿ, ನಾಟಿಗೆ ಮೊದಲೇ ಮಣ್ಣಿಗೆ ಸೇರಿಸುವುದು ಇನ್ನೊಂದು. ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯ ಬೇರಿನ ಸುತ್ತಲ ಕಬ್ಬಿಣಾಂಶವನ್ನು ತಾನು ಹೀರಿ ರೋಗಾಣುವಿಗೆ ಸಿಗದಂತೆ ಮಾಡುತ್ತದೆ. ಗಿಡದ ರೋಗನಿರೋಧಕ ಶಕ್ತಿಯನ್ನೂ ಪ್ರಚೋದಿಸುತ್ತದೆ.

ಈ ಜೀವಿಗಳಿಗೆ ತೇವ ಮತ್ತು ಸಾವಯವ ಪದಾರ್ಥ ಬೇಕು. ಆದ್ದರಿಂದ ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂತಹ ಅರೆಶುಷ್ಕ ಸೀಮೆಯಲ್ಲಿ ಪುಡಿಯನ್ನು ಒಣಮಣ್ಣಿಗೆ ಎರಚಿದರೆ ಪ್ರಯೋಜನ ಕಡಿಮೆ. ಗೊಬ್ಬರ, ನೀರು ಜೊತೆಗಿರಬೇಕು. ಕಾರ್ಬೆಂಡಜಿಮ್ ರಾಸಾಯನಿಕವು ಟ್ರೈಕೋಡರ್ಮಾವನ್ನೂ ಕೊಲ್ಲುವುದರಿಂದ ಎರಡನ್ನೂ ಬೆರೆಸಬಾರದು. ಬದನೆ, ಆಲೂಗಡ್ಡೆಗಳಿಗೂ ಅಂಗಮಾರಿ ತಗಲುವುದರಿಂದ ಅವುಗಳ ಹಿಂದೆಯೇ ಟೊಮೇಟೊ ಹಾಕದೆ, ನಡುವೆ ಜೋಳ ಬೆಳೆಯುವುದು ಲೇಸು.

ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಎಲೆಮುರುಟು ನಂಜು, ಬ್ಯಾಕ್ಟೀರಿಯ ಸೊರಗು ರೋಗಗಳ ಜೊತೆಗೆ ಆಲ್ಟರ್ನೇರಿಯಾ ಅಂಗಮಾರಿಯನ್ನೂ ತಾಳಿಕೊಳ್ಳುತ್ತದೆ.