ಹೊಗೆಕೊಳವೆಯೊಳಗಿನ ಬೆಂಕಿ

ಕಾಸರಗೋಡಿನ ವಿದ್ಯಾನಗರದ ಅಡುಗೆಮನೆಗಳಿಗೆ ಗ್ಯಾಸ್ ಬಂದು ಬಹಳ ಕಾಲವಾಯಿತು. ಆದರೂ ಸುತ್ತಲಿನ ತೋಟದ ಮನೆಗಳ ಬಚ್ಚಲೊಲೆಗೆ ಮಡಲು, ಗೆರಟೆ, ಕೊತ್ತಳಿಗೆಗಳೇ ಸೌದೆ. ಮಳೆಗಾಲದಲ್ಲಿ ಕೊಟ್ಟಿಗೆಯೊಳಗಿಟ್ಟರೂ ಇವು ಥಂಡಿ ಹಿಡಿಯುತ್ತವೆ.

ತೊಂದರೆ ಶುರುವಾಗುವುದು ಅಲ್ಲೇ. ಹಸಿ ಸೌದೆ ಪೂರ್ತಿ ಉರಿಯದೆ ಹೊಗೆಯಾಡುತ್ತದೆ. ಆ ಹೊಗೆ ಚಿಮಣಿಯೊಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದರೆ ಡಾಂಬರಿನಂಥ ಅಂಶ ಗೋಡೆಗೆ ಅಂಟುತ್ತದೆ. ಅದೇ ಕ್ರಿಯೋಸೋಟ್. ಮೊದಲು ಉದುರುವ ಮಸಿ, ಆಮೇಲೆ ಗರಿಗರಿ ಹಕ್ಕಳೆ, ಕೊನೆಗೆ ಬ್ರಷ್ಷಿಗೂ ಜಗ್ಗದ ಕಪ್ಪು ಮೆರುಗು.

ಕಿಡಿ ತಾಗಿದರೆ ಕೊಳವೆ ಭೋರ್ಗರೆಯುತ್ತದೆ. ಶಾಖ 1,000 ಡಿಗ್ರಿ ದಾಟಬಹುದು, ಬಿರುಕಿನಿಂದ ಮಾಡಿನ ಪಕ್ಕಾಸಿಗೂ ಬೆಂಕಿ ಹಬ್ಬಬಹುದು. ಆಗ ಕೊಳವೆಗೆ ನೀರು ಸುರಿಯದೆ, ಎಲ್ಲರೂ ಹೊರಬಂದು 101ಕ್ಕೆ ಕರೆ ಮಾಡಬೇಕು.

ಸೌದೆಯ ತೇವ ಶೇ. 20ಕ್ಕಿಂತ ಕಡಿಮೆಯಿದ್ದರೆ ಕ್ರಿಯೋಸೋಟ್ ಕಟ್ಟುವುದು ನಿಧಾನ. ಮಸಿ 3 ಮಿ.ಮೀ. ದಪ್ಪವಾದರೆ ಚಿಮಣಿ ಉಜ್ಜಿಸುವ ಹೊತ್ತಾಯಿತೆಂದೇ ಲೆಕ್ಕ.